ಪದಕದ ಬೆನ್ನಿನ ಅರಗು

"ಬಿಸಿನೀರಿಗೆ ಹಾಕ್ಬೇಡಿ!"

ಕೂಗಿದವಳು ಎಡಚನ ಮಗಳು. ಕಿರಿ ವಕೀಲ ಪದಕವನ್ನು ಎರಡು ಬೆರಳಲ್ಲಿ ಹಿಡಿದು, ಹಬೆಯಾಡುತ್ತಿದ್ದ ಬೋಗುಣಿಯ ಮೇಲೆ ತೂಗಿಸಿಕೊಂಡಿದ್ದ. ಕೂಗಿಗೆ ಅವನ ಕೈ ಅಲ್ಲೇ ನಿಂತಿತು. ಇನ್ನೊಂದು ಗೇಣು ಇಳಿದಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು, ಇಪ್ಪತ್ತೊಂಬತ್ತು ವರ್ಷದ ಹಿಂದೆ ಮುಗಿದ ಹಾಗೆಯೇ, ತಪ್ಪಾಗಿ.

"ಮಣ್ಣು ಮೆತ್ತಿದೆ, ತೊಳೀಬಾರದಾ? ನಮ್ಮಜ್ಜಿ ಒಡವೆ ತೊಳ್ಕೊಳ್ಳೋಕೆ ನಿಮ್ಮಪ್ಪಣೆ ಬೇಕಾ?"

"ಅದು ಮಣ್ಣಲ್ಲ ರೀ. ಅರಗು. ಬಿಸಿ ತಾಗಿದ್ರೆ ಇಳಿದು ಹೋಗತ್ತೆ."

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ರೈಟರು ತಲೆಯೆತ್ತಿದರು. ಅರಗು. ಆ ಮಾತು ಒಳಗೆಲ್ಲೋ ಹೋಗಿ ತಾಗಿತು. ಎಲ್ಲಿಗೆ ತಾಗಿತೆಂದು ಮಾತ್ರ ತಕ್ಷಣ ಗೊತ್ತಾಗಲಿಲ್ಲ.

ಮೂರು ದಿನದ ಹಿಂದೆ ವಕೀಲರ ಹಳೇ ಮನೆಯ ಹಿತ್ತಲಲ್ಲಿ ನೀರಿನ ತೊಟ್ಟಿಗೆಂದು ಅಗೆದಾಗ, ಬಟ್ಟೆ ಒಗೆಯುವ ಕಲ್ಲಿನಡಿ ಒಂದು ತಾಮ್ರದ ಬಿಂದಿಗೆ ಸಿಕ್ಕಿತ್ತು. ಅದರೊಳಗಿದ್ದದ್ದೆಲ್ಲ ಈಗ ಠಾಣೆಯ ಹಿಂದಿನ ಕೋಣೆಯಲ್ಲಿ, ಮೇಜಿಗೆ ಹಾಸಿದ ಬಿಳಿ ಬಟ್ಟೆಯ ಮೇಲಿತ್ತು.

ಹನ್ನೊಂದು ಒಡವೆ. ಸೊಂಟದ ಡಾಬು, ಎರಡು ಎಳೆಯ ಸರ, ಜೋಡಿ ವಂಕಿ, ಓಲೆ, ಬಳೆ. ಎಲ್ಲದಕ್ಕೂ ಯಜಮಾನಿಯಂತೆ ನಡುವೆ ಅರ್ಧಚಂದ್ರದ ಪದಕ, ಏಳು ಕೆಂಪು ಕಲ್ಲಿನದು. ಆರು ಕಲ್ಲು ಇತ್ತು. ಏಳನೆಯದರ ಜಾಗ ಹಲ್ಲು ಬಿದ್ದ ಬಾಯಿಯಂತೆ ಖಾಲಿ.

ವಕೀಲರ ಮನೆಯ ಐದು ತಲೆಮಾರಿನ ಹೆಂಗಸರು ಆ ಪದಕ ಹಾಕಿಕೊಂಡು ಮದುವೆಯಾಗಿದ್ದರು. ಯಾವ ತಲೆಮಾರಿನದೋ ಕೂಸೊಂದು ಹಲ್ಲು ಬರುವಾಗ ಅದನ್ನು ಕಚ್ಚಿ ಅಂಚು ತಗ್ಗಿಸಿತ್ತಂತೆ. ಆ ತಗ್ಗನ್ನು ಸರಿಮಾಡಿಸಲು ಯಾರೂ ಒಪ್ಪಿರಲಿಲ್ಲ. ಕೊನೆಯ ಯಜಮಾನಿ, ಅಂದರೆ ಕಿರಿ ವಕೀಲನ ಅಜ್ಜಿ, ಒಂದು ದಿನ ಮಗನನ್ನು ಕೂರಿಸಿಕೊಂಡು ಹೇಳಿದ್ದಳು: "ನಿನಗೆ ಮನೆ ಇದೆ. ಒಡವೆ ನಿನ್ನ ತಂಗಿಯರಿಬ್ಬರಿಗೂ ಇರಲಿ." ಹೇಳಿ ಸುಮ್ಮನಾಗದೆ, ಸಡಿಲಾದ ಕಲ್ಲು ಕೂರಿಸಿ ಕೊಡು ಎಂದು ಹನ್ನೊಂದನ್ನೂ ಎಡಚನ ಅಂಗಡಿಗೆ ಕಳಿಸಿದ್ದಳು.

ಎಡಚ ಎಡಗೈ ಅಕ್ಕಸಾಲಿಗ. ಊರಿಗೆಲ್ಲ ಅವನ ಕೈಯ ಮೇಲೆ ಕಣ್ಣು, ಅವನ ನಿಧಾನದ ಮೇಲೆ ಸಿಟ್ಟು. ವಾರದ ಕೆಲಸಕ್ಕೆ ಎರಡು ತಿಂಗಳು ಓಡಾಡಿಸಿದ. ಆಗ ಹಿರಿ ವಕೀಲ, ಕಿರಿಯವನ ಅಪ್ಪ, ದೂರು ಕೊಟ್ಟ. ಎಡಚ ಒಡವೆ ಕರಗಿಸಿ ತಿಂದನೆಂದು ನಾಲ್ಕು ವರ್ಷ ಜೈಲಾಯಿತು. ಎರಡು ವರ್ಷದ ಹಿಂದೆ ಅವನು ತೀರಿಕೊಂಡಾಗ ಹೆಗಲು ಕೊಡಲು ನಾಲ್ಕು ಜನ ಸೇರುವುದೂ ಕಷ್ಟವಾಗಿತ್ತು.

ಕರಗಿಸಿದ್ದ ಎಂದ ಒಡವೆ ಈಗ ಬಿಳಿ ಬಟ್ಟೆಯ ಮೇಲೆ ನಗುತ್ತಿತ್ತು.

ರೈಟರು ಅಂದರೆ ನಿವೃತ್ತ ಇನ್‌ಸ್ಪೆಕ್ಟರ್. ಆದರೆ ಕೆಲಸಕ್ಕೆ ಸೇರಿದ ಮೊದಲ ಹನ್ನೊಂದು ವರ್ಷ ಇದೇ ಠಾಣೆಯಲ್ಲಿ ಬರವಣಿಗೆಯ ಮೇಜಿನ ಹಿಂದೆ ಕೂತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆಮೇಲೆ ಹೆಗಲ ಮೇಲೆ ಎಷ್ಟು ನಕ್ಷತ್ರ ಬಂದರೂ ಜನರ ಬಾಯಲ್ಲಿ ಅವರು ರೈಟರಾಗಿಯೇ ಉಳಿದರು. ಹಳೇ ಪ್ರಕರಣ ಬಲ್ಲವರು ಬೇರೆ ಯಾರೂ ಇಲ್ಲವೆಂದು ಈಗಿನ ಇನ್‌ಸ್ಪೆಕ್ಟರ್ ಮೇಡಂ ಅವರನ್ನು ಕರೆಸಿದ್ದಳು. ಹಳೇ ಕೆತ್ತನೆ ಗೊತ್ತಿದ್ದವರು ಊರಲ್ಲಿ ಬೇರೆ ಯಾರೂ ಇಲ್ಲವೆಂದು ಎಡಚನ ಮಗಳನ್ನೂ ಕರೆಸಿದ್ದಳು. ಇಬ್ಬರೂ ಬೆಳಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಪದಕ ಕೆಳಗಿಡಿ," ಎಂದಳು ಮೇಡಂ.

ಕಿರಿ ವಕೀಲ ಇಟ್ಟ. "ಮೇಡಂ, ಸಂಜೆ ಐದಕ್ಕೆ ಒಡವೆ ನಮ್ಮ ಕೈಗೆ ಕೊಡ್ತೀವಿ ಅಂದಿದೀರಿ. ಫೋಟೋ ತೆಗೀಬೇಕು, ಅದಕ್ಕೆ ಶುಚಿ ಮಾಡ್ತಿದ್ದೆ. ಇದರಲ್ಲಿ ಮುಚ್ಚಿಡೋದೇನಿದೆ? ಅವನು ಕರಗಿಸಲಿಲ್ಲ, ಹೂತಿಟ್ಟ. ನಮ್ಮ ಹಿತ್ತಲಲ್ಲೇ ಹೂತ್ರೆ ಯಾರಿಗೂ ಅನುಮಾನ ಬರಲ್ಲ ಅಂತ. ಕಳ್ಳ ಕಳ್ಳನೇ."

ಎಡಚನ ಮಗಳು ಮಸೂರ ಕಣ್ಣಿಗೆ ಸಿಕ್ಕಿಸಿಕೊಂಡು ಪದಕವನ್ನು ಬೋರಲು ತಿರುಗಿಸಿದಳು. ಬೆನ್ನಿನ ತುಂಬ ಕಪ್ಪುಗೆಂಪು ಅಂಟು ಕಲ್ಲಿನಂತೆ ಗಟ್ಟಿಯಾಗಿತ್ತು.

"ಕಲ್ಲು ಕೂರಿಸುವಾಗ ಒಡವೆ ಅಲ್ಲಾಡಬಾರದು ಮೇಡಂ. ಹಲಗೆ ಮೇಲೆ ಅರಗು ಕಾಯಿಸಿ ಹಾಕಿ, ಅದರಲ್ಲಿ ಒಡವೆ ಒತ್ತಿ ಕೂರಿಸ್ತೀವಿ. ಆರಿದ ಮೇಲೆ ಅಲ್ಲಾಡಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಬಿಸಿ ಮಾಡಿದ್ರೆ ಬೆಣ್ಣೆ ಥರ ಬಿಟ್ಕೊಳ್ಳತ್ತೆ. ನಮ್ಮ ಕಸುಬಲ್ಲಿ ಅದಕ್ಕೆ ಅರಗಿಗೆ ಹಾಕೋದು ಅಂತೀವಿ."

ರೈಟರು ಕುರ್ಚಿಯ ಕೈ ಹಿಡಿದುಕೊಂಡರು.

"ಇದನ್ನ ಬಿಸಿ ಮಾಡಿ ಬಿಡಿಸಿಲ್ಲ," ಎಂದಳು ಅವಳು. "ಇಲ್ಲಿ ನೋಡಿ, ಚಾಕು ಎಳೆದ ಗೀರು. ತಣ್ಣಗಿರುವಾಗಲೇ ಮೀಟಿ ಕಿತ್ತಿದಾರೆ. ಅದಕ್ಕೇ ಕಲ್ಲೂ ಹಾರಿದೆ. ಅಕ್ಕಸಾಲಿ ಕೆಲಸಕ್ಕೆ ನಿನ್ನೆ ಸೇರಿದವನೂ ಹೀಗೆ ಮಾಡಲ್ಲ. ನಮ್ಮಪ್ಪ ಹೀಗೆ ಮಾಡೋ ಮುಂಚೆ ಕೈ ಕತ್ತರಿಸ್ಕೋತಿದ್ದ."

"ಅದು ನಿಮ್ಮಪ್ಪನ ಅರಗೇ ಅಂತ ಹೇಗೆ ಹೇಳ್ತೀರಿ?"

ಅವಳು ಮಸೂರ ತೆಗೆದು ಮೇಡಂಗೆ ಕೊಟ್ಟಳು. ಅರಗಿನ ಅಂಚಿನಲ್ಲಿ, ಮೆತ್ತಗಿದ್ದಾಗ ಒತ್ತಿದ ಒಂದು ಹೆಬ್ಬೆಟ್ಟಿನ ಗುರುತು. ಸಣ್ಣ ಗೆರೆಗಳ ನಡುವೆ ಓರೆಯಾಗಿ ಒಂದು ಹಳೇ ಗಾಯದ ಗೀರು.

ಮೇಡಂ ಕಪಾಟಿನಿಂದ ಹಳೇ ಕಡತ ತೆಗೆದು, ದಾರ ಬಿಚ್ಚಿ, ಎಡಚನ ಹೇಳಿಕೆಯ ಹಾಳೆ ಹುಡುಕಿದಳು. ಕೊನೆಯಲ್ಲಿ ಸಹಿಯ ಜಾಗದಲ್ಲಿ ನೇರಳೆ ಮಸಿಯ ಎಡ ಹೆಬ್ಬೆಟ್ಟು. ಅದರಲ್ಲೂ ಓರೆಯಾದ ಅದೇ ಗೀರು.

ಒಂದೇ ಬೆರಳು ಎರಡು ಕಡೆ ಸಾಕ್ಷಿ ಹೇಳುತ್ತಿತ್ತು, ಅರಗಿನ ಮೇಲೆ ಒಂದು, ಕಾಗದದ ಮೇಲೆ ಒಂದು. ಎರಡು ಸಾಕ್ಷಿಗೂ ತಾಳೆಯಾಗುತ್ತಿರಲಿಲ್ಲ.

"'ಪದಕ ಮುಂತಾದ ಒಡವೆಗಳನ್ನು ಕರಗಿಸಿರುತ್ತೇನೆ,'" ಎಂದು ಮೇಡಂ ಓದಿದಳು. "ಕರಗಿಸಿದವನು ಅರಗಿಗೆ ಯಾಕೆ ಹಾಕ್ತಾನೆ?"

ಕಿರಿ ವಕೀಲನ ಮುಖ ಸಪ್ಪಗಾಯಿತು. "ಒಂದು ಫೋನ್ ಮಾಡ್ಕೊಂಡು ಬರ್ತೀನಿ," ಎಂದು ಹೊರಗೆ ಹೋದ. ಅವನು ಹೋದದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ. ಮಾಡಬೇಕಾಗಿತ್ತು.

ಎಡಚನ ಮಗಳು ಹಾಳೆಯ ಮೇಲೆ ಬಗ್ಗಿದ್ದಳು. "ಎಷ್ಟು ಚೆನ್ನಾಗಿದೆ ಅಕ್ಷರ," ಎಂದಳು ತನಗೇ ಹೇಳಿಕೊಂಡಂತೆ. "ಸಾಯೋವರೆಗೂ ಅಪ್ಪ ಒಂದೇ ಮಾತು ಹೇಳ್ತಿದ್ದ. ನಾನು ಹೇಳಿದ್ದೇ ಒಂದು, ಬರೆದದ್ದೇ ಒಂದು ಮಗಳೇ ಅಂತ. ನಾನು ನಂಬಲಿಲ್ಲ. ಅವನ ಜೊತೆ ಊಟಕ್ಕೆ ಕೂತ್ಕೊಳ್ಳೋಕೂ ನಾಚಿಕೆ ಪಟ್ಟಿದೀನಿ. ಇದನ್ನ ಬರೆದವರು ಯಾರು ಮೇಡಂ?"

ಮೇಡಂ ಹಾಳೆಯ ಅಡಿಗೆ ಕಣ್ಣು ಹಾಯಿಸಿದಳು. ಆಮೇಲೆ ನಿಧಾನವಾಗಿ ಮೂಲೆಯ ಕುರ್ಚಿಯ ಕಡೆ ತಿರುಗಿದಳು.

"ನಾನು," ಎಂದರು ರೈಟರು.

ಎಡಚನ ಮಗಳು ಹಾಳೆ ಹಿಡಿದು ಅವರ ಕುರ್ಚಿಯ ಮುಂದೆ ಬಂದು ನಿಂತಳು.

"ನಮ್ಮಪ್ಪ ಏನು ಹೇಳಿದ ರೈಟರೇ?" ಎಂದಳು ಅವಳು. "ನೀವು ಬರೆದದ್ದು ಬೇಡ. ಅವನು ಹೇಳಿದ್ದು ಹೇಳಿ."

ರೈಟರು ಕಣ್ಣು ಮುಚ್ಚಿದರು. ಅವತ್ತಿನ ಬೆಳಗ್ಗೆ ಕಣ್ಣಿಗೆ ಕಟ್ಟಿತು. ಕೆಲಸದ ನಡುವೆಯೇ ಎಬ್ಬಿಸಿ ತಂದಿದ್ದರಿಂದ ಎಡಚನ ಬೆರಳಿಗೆಲ್ಲ ಕಪ್ಪು ಮೆತ್ತಿತ್ತು. ಕೈಯಲ್ಲಿ ಎಷ್ಟು ನಿಧಾನವೋ ಮಾತಿನಲ್ಲಿ ಅಷ್ಟು ಅವಸರದ ಮನುಷ್ಯ. ಪದಕ್ಕೆ ಪದ ಅಂಟಿಸಿಕೊಂಡು ಓಡುವನು. ಪದಕ ಎಲ್ಲಿ ಎಂದು ಗದರಿದಾಗ ಒಂದೇ ಉಸಿರಿಗೆ ಹೇಳಿದ್ದ.

"'ಪದಕರಗಿಗೆ ಹಾಕಿದೀನಿ ಸ್ವಾಮಿ.' ಹಾಗಂದ," ಎಂದರು ರೈಟರು. "ನನಗೆ 'ಕರಗಿಗೆ' ಅಂತ ಕೇಳಿಸ್ತು. ಕರಗಿಸೋಕೆ ಹಾಕಿದಾನೆ ಅಂದ್ಕೊಂಡೆ."

ಪದಕ, ಅರಗಿಗೆ. ಪದಕದ ಬಾಲದಲ್ಲಿದ್ದ 'ಕ' ಹೋಗಿ ಅರಗಿನ ತಲೆಗೆ ಅಂಟಿಕೊಂಡಿತ್ತು. ಶಾಲೆಯಲ್ಲಿ ಮೇಷ್ಟ್ರು ಬೆತ್ತ ಆಡಿಸುತ್ತ ಲೋಪಸಂಧಿ ಕಲಿಸಿದ್ದರು: ಎರಡು ಪದ ಕೂಡುವಾಗ ಅರ್ಥ ಕೆಡದಿದ್ದರೆ ನಡುವಿನ ಒಂದು ಸ್ವರ ಬಿಟ್ಟುಹೋಗುತ್ತದೆ. ರೈಟರಿಗೆ ಆಗ ವ್ಯಾಕರಣದಲ್ಲಿ ನೂರಕ್ಕೆ ತೊಂಬತ್ತು ಬಂದಿತ್ತು. ಇಲ್ಲಿ ಅರ್ಥವೂ ಕೆಟ್ಟಿತ್ತು, ಒಬ್ಬ ಮನುಷ್ಯನ ಬಾಳೂ ಕೆಟ್ಟಿತ್ತು.

"ಪದಕ ಒಂದೇ ಅಂದಿದ್ದು. ಅದಕ್ಕೆ 'ಮುಂತಾದ' ಸೇರಿಸಿದ್ದು ನಾನೇ," ಎಂದರು. "ಹಾಗೆ ಬರೆದ್ರೆ ಹೇಳಿಕೆ ಗಟ್ಟಿಯಾಗಿರತ್ತೆ ಅಂತ ಅಭ್ಯಾಸ."

"ಅರಗು ಅನ್ನೋ ಮಾತು ನಿಮಗೆ ಗೊತ್ತಿರಲಿಲ್ವಾ?"

ರೈಟರು ಗೊತ್ತಿರಲಿಲ್ಲ ಎನ್ನುವಂತೆಯೇ ಇರಲಿಲ್ಲ. ಅವರ ಮೇಜಿನ ಖಾನೆಯಲ್ಲಿ ದಿನವೂ ಅರಗಿನ ಕಡ್ಡಿ ಇರುತ್ತಿತ್ತು. ಕೋರ್ಟಿಗೆ ಹೋಗುವ ಪ್ರತಿ ಲಕೋಟೆಗೂ ಮೇಣದಬತ್ತಿಯಲ್ಲಿ ಅರಗು ಕಾಯಿಸಿ, ಹಿತ್ತಾಳೆಯ ಮೊಹರು ಒತ್ತುತ್ತಿದ್ದದ್ದು ಅವರೇ. ಎಡಚನ ಈ ಹೇಳಿಕೆಯ ಪ್ರತಿಯನ್ನೂ ಲಕೋಟೆಗೆ ಹಾಕಿ ಅರಗಿನಿಂದಲೇ ಅಂಟಿಸಿದ್ದರು. ಬೆರಳಿಗೆ ಬಿಸಿ ತಾಗಿದ್ದು ಈಗಲೂ ನೆನಪಿತ್ತು.

"ಗೊತ್ತಿತ್ತು ತಾಯಿ. ಕೈಗೆ ಗೊತ್ತಿತ್ತು, ಕಿವಿಗೆ ಹೊಳೀಲಿಲ್ಲ."

"ಹೋಗ್ಲಿ. ಕೇಳಿಸ್ಲಿಲ್ಲ, ತಪ್ಪಾಯ್ತು. ಯಾರಿಗಾದ್ರೂ ಆಗತ್ತೆ." ಅವಳ ದನಿ ಏರಲಿಲ್ಲ, ಏರಿದ್ದರೆ ರೈಟರಿಗೆ ಹಗುರವಾಗುತ್ತಿತ್ತು. ಹೆಬ್ಬೆಟ್ಟಿನ ಮೇಲಿದ್ದ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ಬರೆದಿದೀರಲ್ಲ, 'ಓದಿ ಹೇಳಲಾಗಿ, ಸರಿ ಇದೆಯೆಂದು ಒಪ್ಪಿರುತ್ತೇನೆ.' ನಮ್ಮಪ್ಪನಿಗೆ ಓದೋಕೆ ಬರ್ತಿರಲಿಲ್ಲ. ಅವನಿಗೆ ಓದಿ ಹೇಳಿದ್ರಾ?"

ರೈಟರು ಬದುಕಿನಲ್ಲಿ ಆ ಸಾಲನ್ನು ಎಷ್ಟು ಸಾವಿರ ಸಲ ಬರೆದಿದ್ದರೋ ಲೆಕ್ಕವಿಲ್ಲ. ಕೈ ತಾನೇ ಬರೆದುಕೊಂಡು ಹೋಗುವ ಸಾಲು ಅದು. ಊಟದ ಹೊತ್ತಾಗಿತ್ತು. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. ಎಡಚನ ಕೈ ಹಿಡಿದು, ಮಸಿಗೆ ಒತ್ತಿಸಿ, ಕಾಗದಕ್ಕೆ ಒತ್ತಿಸಿದ್ದರು.

"ಇಲ್ಲ," ಎಂದರು. "ಓದಿ ಹೇಳಲಿಲ್ಲ."

"ಓದಿದ್ರೆ?"

"ಓದಿದ್ರೆ, ಅಲ್ಲ ಸ್ವಾಮಿ, ಕರಗಿಗಲ್ಲ, ಅರಗಿಗೆ, ಅಂತ ಅವನು ಅಲ್ಲೇ ಹೇಳಿರ್ತಿದ್ದ. ಅಂಗಡಿಗೆ ಹೋಗಿ ಹಲಗೆ ನೋಡಿದ್ರೆ ಪದಕ, ಉಳಿದ ಹತ್ತೂ ಒಡವೆ ಅಲ್ಲೇ ಸಿಗ್ತಿತ್ತು. ಅರ್ಧ ಗಂಟೆ ಕೆಲಸ."

ಅವಳು ಅಳುತ್ತಾಳೆಂದು ರೈಟರು ಕಾದರು. ಅವಳು ಅಳಲಿಲ್ಲ. ಸೆರಗಿನಿಂದ ಮಸೂರ ಒರೆಸಿದಳು, ಒರೆಸುತ್ತಲೇ ಇದ್ದಳು.

"ನನಗೆ ಒಡವೆ ಬೇಡ, ಪರಿಹಾರ ಬೇಡ. ನೀವು ಒಂದು ಹಾಳೆ ಬರೆದುಕೊಡಿ ರೈಟರೇ. ಅವನು ಕರಗಿಸಿದೆ ಅಂತ ಹೇಳಲಿಲ್ಲ, ನಾನು ಬರೆದೆ ಅಂತ. ಅದೇ ಮುತ್ತಿನಂಥ ಅಕ್ಷರದಲ್ಲಿ. ಅದನ್ನ ಅಂಗಡಿ ಗೋಡೆಗೆ ಹಾಕ್ತೀನಿ. ಬಂದವರೆಲ್ಲ ಓದ್ಲಿ."

ಅಂಥ ಹಾಳೆ ಬರೆದರೆ ಏನಾಗುತ್ತದೆಂದು ಮೇಡಂಗೆ ಗೊತ್ತಿತ್ತು, ರೈಟರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಸುಳ್ಳು ಹೇಳಿಕೆ ಬರೆದೆನೆಂದು ಪೊಲೀಸನೇ ಸಹಿ ಹಾಕಿದರೆ ಪಿಂಚಣಿ ಇರಲಿ, ಮುಪ್ಪಿನಲ್ಲಿ ಕಟಕಟೆ ಹತ್ತಬೇಕು.

"ಬರೆದುಕೊಡ್ತೀನಿ," ಎಂದರು.

ಹೇಳಿದ ಮೇಲೆ ಎದೆಯ ಭಾರ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ಬದಲಿಗೆ ಇಪ್ಪತ್ತೈದು ವರ್ಷ ಕಳ್ಳರ ಹಿಂದೆ ಅಲೆದ ಬುದ್ಧಿ ತಡವಾಗಿ ಎದ್ದು ಕೂತಿತು.

"ಮೇಡಂ, ಎಡಚನ್ನ ಬೆಳಗ್ಗೆ ಒಂಬತ್ತಕ್ಕೆ ಕರ್ಕೊಂಡು ಬಂದ್ರು. ಆಮೇಲೆ ಅವನು ಮನೆಗೆ ಹೋಗಲೇ ಇಲ್ಲ. ಪದಕ ಆಗ ಹಲಗೆ ಮೇಲಿತ್ತು. ಅಂದ್ರೆ ಅದನ್ನ ಕಿತ್ತವರು ಆಮೇಲೆ ಹೋದವರು."

"ಅಂಗಡಿ ಕೀಲಿ?"

"ಠಾಣೆಯಲ್ಲಿತ್ತು. ಕೋಣೆಯಲ್ಲಿ ಇದ್ದವರು ನಾವು ಮೂವರು. ಎಡಚ ಹೇಳಿದ. ನಾನು ತಪ್ಪಾಗಿ ಬರೆದೆ." ರೈಟರಿಗೆ ಮುಂದಿನ ಮಾತು ಹೇಳಲು ಮನಸ್ಸಾಗಲಿಲ್ಲ. "ಮೂರನೆಯವರಿಗೆ ಸರಿಯಾಗೇ ಕೇಳಿಸಿರಬೇಕು."

ಮೂರನೆಯವರು ಹಳೇ ಸಾಹೇಬರು, ಆಗಿನ ಇನ್‌ಸ್ಪೆಕ್ಟರ್. ಒಡವೆ ತಂಗಿಯರ ಪಾಲಾಗುವುದು ಬೇಡವಾಗಿದ್ದ ಹಿರಿ ವಕೀಲನ ಇಸ್ಪೀಟಿನ ಜೊತೆಗಾರರು. ಆದರೆ ರೈಟರ ಪಾಲಿಗೆ ಅವರು ಅಪ್ಪನ ಸಮಾನ. ಬರವಣಿಗೆಯ ಮೇಜಿನಿಂದ ಎಬ್ಬಿಸಿ ಪತ್ತೇದಾರಿ ಕೆಲಸಕ್ಕೆ ಹಚ್ಚಿದವರು, ಬಡ್ತಿಗೆ ಶಿಫಾರಸು ಮಾಡಿದವರು, ಮಗಳ ಮದುವೆಯಲ್ಲಿ ಬಾಗಿಲಲ್ಲಿ ನಿಂತು ಬಂದವರನ್ನು ಎದುರುಗೊಂಡವರು. "ಕೇಳದ ಪ್ರಶ್ನೆಗೆ ಯಾವನು ಉತ್ತರ ಹೇಳ್ತಾನೋ ಅವನ ಮೇಲೆ ಕಣ್ಣಿಡು," ಎಂದು ಕಲಿಸಿದವರೂ ಅವರೇ. ಆ ಬಡ್ತಿ ಬಂದದ್ದು ಎಡಚನ ಪ್ರಕರಣ ಮುಗಿದ ತಿಂಗಳಿಗೆ. ಅದನ್ನು ಅಕ್ಷರಕ್ಕೆ ಸಿಕ್ಕ ಬಹುಮಾನವೆಂದೇ ರೈಟರು ಇಷ್ಟು ವರ್ಷ ತಿಳಿದಿದ್ದರು. ತಪ್ಪಕ್ಷರಕ್ಕೆ ಸಿಕ್ಕದ್ದೆಂದು ಹೊಳೆದಿರಲಿಲ್ಲ.

"ಅವರೇ ತಗೊಂಡ್ರು ಅನ್ನೋಕೆ ಏನಿದೆ ಸರ್?" ಎಂದಳು ಮೇಡಂ.

"ಏನೂ ಇಲ್ಲ. ಬಿಂದಿಗೆ ಇದೆ. ಅದರ ಮುಚ್ಚಳ ಎಲ್ಲಿ?"

ಮುಚ್ಚಳ ಕಪಾಟಿನ ಮೇಲೆ ಹಳೇ ಪತ್ರಿಕೆಯಲ್ಲಿ ಸುತ್ತಿ ಬಿದ್ದಿತ್ತು. ಕೂಲಿಯವರು ಹಾರೆಯಲ್ಲಿ ಮೀಟಿ ತೆಗೆದದ್ದು; ಮಣ್ಣುಂಡೆಯಂತಿದ್ದ ಅದನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ಎಡಚನ ಮಗಳು ತನ್ನ ಚೀಲದಿಂದ ಮೆತ್ತನೆಯ ಕುಂಚ ತೆಗೆದಳು. ಮಣ್ಣು ಪದರ ಪದರವಾಗಿ ಬಟ್ಟೆಯ ಮೇಲೆ ಉದುರಿತು. ಅಂಚಿನ ಸುತ್ತ ಏನೋ ಮೆತ್ತಿತ್ತು.

"ಇದೂ ಅರಗು," ಎಂದಳು. "ನಮ್ಮದಲ್ಲ. ನಮ್ಮದಕ್ಕೆ ಹೆಂಚಿನ ಪುಡಿ ಬೆರೆಸ್ತೀವಿ, ಒರಟಾಗಿರತ್ತೆ. ಇದು ನುಣ್ಣಗೆ ಕೆಂಪಗಿದೆ. ಕಾಗದಕ್ಕೆ ಹಾಕೋ ಅರಗು."

ಕುಂಚ ಮುಚ್ಚಳದ ನಡುವಿಗೆ ಬಂತು. ಅಲ್ಲಿ ಬಿಲ್ಲೆಯಗಲದ ಕೆಂಪು ಅರಗಿನ ಮೇಲೆ ದುಂಡಗೆ ಒಂದು ಮುದ್ರೆ. ಸುತ್ತ ಅಕ್ಷರ, ನಡುವೆ ಠಾಣೆಯ ಸಂಖ್ಯೆ. ಒಬ್ಬರನ್ನೊಬ್ಬರು ನಂಬದ ಇಬ್ಬರು ಒಂದು ಬಿಂದಿಗೆ ಹೂತರೆ ಮೇಲೆ ಹೀಗೊಂದು ಮುದ್ರೆ ಒತ್ತಿಡುತ್ತಾರೆ, ಒಬ್ಬ ಬಿಚ್ಚಿದರೆ ಇನ್ನೊಬ್ಬನಿಗೆ ತಿಳಿಯಲೆಂದು. ಮುದ್ರೆಯ ಮೇಲಂಚಿನಲ್ಲಿ ಇಲಿ ಕಡಿದಂತೆ ಒಂದು ಚೂರು ಇರಲಿಲ್ಲ.

ಆ ಚೂರು ಹೇಗೆ ಹೋಯಿತೆಂದು ಲೋಕದಲ್ಲಿ ಒಬ್ಬರಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ವರ್ಷವೇ ರೈಟರು ಮೊಹರನ್ನು ಕಲ್ಲುನೆಲಕ್ಕೆ ಬೀಳಿಸಿದ್ದರು.

"ಇದು ಈ ಠಾಣೆ ಮೊಹರು," ಎಂದಳು ಮೇಡಂ.

ಎಡಚನ ಮಗಳು ತಲೆಯೆತ್ತಿದಳು. "ಆಗ ಅದು ಯಾರ ಹತ್ತಿರ ಇರ್ತಿತ್ತು?"

"ನನ್ನ ಹತ್ತಿರ," ಎಂದರು ರೈಟರು.

ಅವತ್ತು ಮಧ್ಯಾಹ್ನ ಸಾಹೇಬರು ಬಂದು, ಅಂಗಡಿ ಬಾಗಿಲಿಗೆ ಮೊಹರು ಹಾಕಬೇಕೆಂದು ಕೇಳಿ ತೆಗೆದುಕೊಂಡು ಹೋದದ್ದು, ಮರುದಿನ ಅಂಚಿಗೆ ಕೆಂಪು ಮೆತ್ತಿದ್ದ ಮೊಹರನ್ನು ತಾವೇ ಚಿಂದಿಯಲ್ಲಿ ಒರೆಸಿ ಖಾನೆಗಿಟ್ಟದ್ದು, ಎಲ್ಲ ನೆನಪಾಯಿತು. ನೋಡಿದವರು ಯಾರೂ ಇರಲಿಲ್ಲ. ಖಾನೆಯ ಕೀಲಿ ಒಂದೇ, ಅದು ಇವರ ಸೊಂಟದಲ್ಲಿ. ಎಡಚನೂ ಒಂದು ದಿನ ಇದೇ ಕೋಣೆಯಲ್ಲಿ ಹೀಗೆಯೇ ನಿಜ ಹೇಳಿದ್ದ.

ಮೇಡಂ ಬಿಳಿ ಹಾಳೆ ಎಳೆದುಕೊಂಡಳು. ಅವಳ ಮುಖದಲ್ಲಿ ಸಂಕೋಚವಿತ್ತು, ಕೈಯಲ್ಲಿರಲಿಲ್ಲ. "ಸರ್, ಹಾಗಾದ್ರೆ ನಿಮ್ಮ ಹೇಳಿಕೆ ತಗೋಬೇಕಾಗತ್ತೆ."

"ಬರ್ಕೊಳ್ಳಿ," ಎಂದರು ರೈಟರು. "ಬರೆದಾದ ಮೇಲೆ ನನಗೆ ಓದಿ ಹೇಳಿ."

ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಪೇದೆ ಬಾಗಿಲಲ್ಲಿ ತಲೆ ಹಾಕಿದ.

"ಮೇಡಂ, ಹಳೇ ಸಾಹೇಬ್ರು ಬಂದಿದಾರೆ. ಕಿರಿ ವಕೀಲ್ರೇ ಫೋನ್ ಮಾಡಿ ಕರೆಸ್ಕೊಂಡ್ರು. ಮುಚ್ಚಳದ ಮೇಲಿರೋ ಮೊಹರಿನ ವಿಷಯ ಹೇಳಿಕೆ ಕೊಡ್ಬೇಕಂತೆ. ಆ ಕಾಲದಲ್ಲಿ ಅದು ರೈಟರ ಹತ್ತಿರಾನೇ ಇರ್ತಿತ್ತು ಅಂತ."

ಮೇಡಂ ಪೆನ್ನನ್ನು ಹಾಳೆಯ ಮೇಲೆ ಹಾಗೇ ಹಿಡಿದಳು. ಮೊಹರು ಮಣ್ಣಿನಿಂದ ಎದ್ದು ಐದು ನಿಮಿಷವೂ ಆಗಿರಲಿಲ್ಲ. ಕಿರಿ ವಕೀಲ ಹೊರಗೆ ಹೋದಾಗ ಮುಚ್ಚಳ ಇನ್ನೂ ಪತ್ರಿಕೆಯೊಳಗಿತ್ತು. ಆಮೇಲೆ ಈ ಕೋಣೆ ಬಿಟ್ಟು ಯಾರೂ ಕದಲಿರಲಿಲ್ಲ.

"ಮೊಹರಿದೆ ಅಂತ ಅವರಿಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಮೇಡಂ. ನಾನು ಕೇಳೂ ಇಲ್ಲ. ಅವರೇ ಅಂದ್ರು."

ಪಡಸಾಲೆಯಲ್ಲಿ ಊರುಗೋಲಿನ ಸದ್ದು ಹತ್ತಿರವಾಗುತ್ತಿತ್ತು. ಆ ಹೆಜ್ಜೆ ಕೇಳಿದರೆ ಎದ್ದು ನಿಲ್ಲುವುದು ರೈಟರಿಗೆ ಮೂವತ್ತು ವರ್ಷದ ಅಭ್ಯಾಸ. ಕಾಲು ತಾನೇ ಏಳಲು ಹೊರಟಿತು. ಎಡಚನ ಮಗಳು ಅವರನ್ನೇ ನೋಡುತ್ತಿದ್ದಳು. ರೈಟರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಕೂತೇ ಇದ್ದರು.